ನೀರುಗಂಟಿ ಮನೆಗೆ ಬಂದವರು ಯಾರು?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಪಾಂಡವಪುರ ಕಡೆಯ ಹಳ್ಳಿ. ಊರಲ್ಲಿ ನಮ್ಮನ್ನು ‘ನೀರುಗಂಟಿ ಮನೆಯೋರು’ ಅಂತಾರೆ, ಅಂದರೆ ಕೆರೆ ನೀರು ಬಿಡುವವರ ಮನೆ. ತಾತ ತೀರಿಕೊಂಡ ಮೇಲೆ ವಂಶವೃಕ್ಷ ಬರೆಯೋಣ ಅಂತ ಕೂತೆ. ತಾತನ ಅಪ್ಪನ ಹೆಸರಿನಿಂದ ಆಚೆಗೆ ಒಂದು ಹೆಜ್ಜೆಯೂ ಹೋಗುತ್ತಿಲ್ಲ. ಚಿಕ್ಕತಾತ ಬದುಕಿದ್ದಾಗ ‘ನಾವು ಧಾತು ಬರದಲ್ಲಿ ಬಂದೋರು’ ಅನ್ನುತ್ತಿದ್ದರು. ಸೋದರತ್ತೆಗೆ ಈಗ 84 ವರ್ಷ. ಅವರು ‘ಬರಾನೂ ಇಲ್ಲ ಏನೂ ಇಲ್ಲ, ಕನ್ನಂಬಾಡಿ ಕಟ್ಟೆ ಕಟ್ಟಿದಾಗ ಹಳೇ ಊರು ಮುಳುಗಿ ಬಂದಿದ್ದು’ ಅನ್ನುತ್ತಾರೆ. ಅದರ ಜೊತೆಗೆ ‘ಈ ಮನೆ ಹೆಂಗಸರದ್ದು ಕಣಪ್ಪ, ಗಂಡಸರು ಆಮೇಲೆ ಬಂದೋರು’ ಅಂತ ನಗುತ್ತಾರೆ. ಹಿರಿಯರ ಹಬ್ಬದಲ್ಲಿ ಅತ್ತೆ ಎರಡು ಎಡೆ ಇಡುತ್ತಾರೆ. ಒಂದಕ್ಕೆ ಮುದ್ದೆ, ಬಾಡಿನ ಸಾರು. ಇನ್ನೊಂದಕ್ಕೆ ಜೋಳದ ರೊಟ್ಟಿ. ಎರಡನೇ ಎಡೆಗೆ ಕೈಮುಗಿಯುವಾಗ ಏನೋ ಗೊಣಗುತ್ತಾರೆ. ತಾತನ ಜಾತಕದಲ್ಲಿ ‘ರಾಕ್ಷಸ ಸಂವತ್ಸರ’ ಅಂತಿದೆ. ಟ್ರಂಕಿನಲ್ಲಿ 1938ರ ಕ್ರಯಪತ್ರ ಒಂದಿದೆ, ಫೋಟೋ ಕಳಿಸಿದ್ದೇನೆ. ಜೊತೆಗೆ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಒಂದಿದೆ, ತುಂಬಾ ಧೂಳು. ಒದ್ದೆ ಬಟ್ಟೆಯಲ್ಲಿ ಒರೆಸಿ ಸ್ಕ್ಯಾನ್ ಮಾಡಲಾ? ನನ್ನ ಹೆಂಡತಿ ಹಾವೇರಿ ಕಡೆಯವಳು. ಅವರ ಮನೆಗೆ ಹೆಳವರು ಬಂದು ತಲೆಮಾರುಗಳ ಹೆಸರು ಓದಿ ಹೇಳುತ್ತಾರೆ. ನಮಗೆ ಆ ಭಾಗ್ಯ ಇಲ್ಲ. ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಏನಾದರೂ ತಿಳಿಯುತ್ತದಾ?

ಉತ್ತರ: ಮೊದಲು ಆ ಒದ್ದೆ ಬಟ್ಟೆ ಕೆಳಗಿಡಿ.

ನಿಮ್ಮ ಟ್ರಂಕಿನಲ್ಲಿ ಇರುವುದು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಲೆಕ್ಕದ ಪುಸ್ತಕ ಅದು. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ನಾವು ಸ್ಲೇಟಿನ ಮೇಲೆ ಬರೆದ ಹಾಗೇ. ಸ್ಲೇಟನ್ನು ಒರೆಸಿದರೆ ಏನಾಗುತ್ತದೋ ಇದನ್ನು ಒರೆಸಿದರೂ ಅದೇ ಆಗುತ್ತದೆ. ಒಂದು ಮನೆಯಲ್ಲಿ ಹಬ್ಬಕ್ಕೆ ಅಟ್ಟ ಸ್ವಚ್ಛ ಮಾಡುವಾಗ ಸೊಸೆ ಪಾಪ ಭಕ್ತಿಯಿಂದಲೇ ಕಡತ ಒರೆಸಿ, ಅರಿಶಿನ ಕುಂಕುಮ ಇಟ್ಟು ಪೂಜೆಗೆ ಇಟ್ಟಿದ್ದನ್ನು ನಾನೇ ನೋಡಿದ್ದೇನೆ. ಕಪ್ಪು ಹಲಗೆ ಫಳಫಳ ಹೊಳೆಯುತ್ತಿತ್ತು. ಅಕ್ಷರ ಒಂದೂ ಇರಲಿಲ್ಲ.

ಹಾಗಾಗಿ ಧೂಳನ್ನು ಊದಲೂ ಬೇಡಿ. ಕಿಟಕಿ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವ ಹಾಗೆ ಮಾಡಿ, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದೊಂದು ಮಡಿಕೆಗೂ ಎರಡು ಮೂರು ಫೋಟೋ ಇರಲಿ. ಮಡಿಕೆ ಬಿಡಿಸಲು ಬರದಿದ್ದರೆ ಒತ್ತಬೇಡಿ, ಸುಮ್ನೆ ಬಿಡಿ. ಆಮೇಲೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ತೋರಿಸಬಹುದು. ಅದರಲ್ಲಿರುವುದು ಹೆಚ್ಚಾಗಿ ಮೋಡಿ ಅಕ್ಷರ. ಪದ ಪದದ ನಡುವೆ ಜಾಗ ಬಿಡದೆ, ಕೈ ಎತ್ತದೆ ಬರೆದದ್ದು. ಹಾಗ, ವೀಸ ಅಂತ ಭಿನ್ನಾಂಕದ ಗುರುತುಗಳು ಬೇರೆ. ಓದಲು ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಕಣ್ಣಿಗೆ ಅಭ್ಯಾಸ ಆಗಲು ತಿಂಗಳುಗಟ್ಟಲೆ ಬೇಕು.

ಒಂದು ಮಾತು. ಕಡತ ಇರುತ್ತಿದ್ದದ್ದು ಶಾನುಭೋಗರ ಮನೆಯಲ್ಲಿ, ಅಂಗಡಿ ಸಾಹುಕಾರರ ಮನೆಯಲ್ಲಿ, ದೇವಸ್ಥಾನದಲ್ಲಿ, ಮಠದಲ್ಲಿ. ನೀರುಗಂಟಿ ಮನೆಯಲ್ಲಿ ಅದಕ್ಕೇನು ಕೆಲಸ? ಬೇರೆ ಯಾರದ್ದೋ ಲೆಕ್ಕ ನಿಮ್ಮ ಟ್ರಂಕಿಗೆ ಬಂದು ಸೇರಿರುವ ಸಾಧ್ಯತೆಯೇ ಜಾಸ್ತಿ. ಹಾಗೇ ನಿಮ್ಮ ಮನೆಯ ವಿಷಯ ಬೇರೆ ಯಾರದ್ದೋ ಟ್ರಂಕಿನಲ್ಲಿ ಇದೆ. ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಇದನ್ನೇ. ಸ್ವಂತ ಮನೆಯ ಕಾಗದದಲ್ಲಿ ಮುತ್ತಾತ ಸಿಗುವುದು ಅಪರೂಪ. ಪಕ್ಕದ ಜಮೀನಿನವರ ಕಾಗದದಲ್ಲಿ ಸಿಗುತ್ತಾನೆ.

ಈಗ ಬರಾನೋ ಕಟ್ಟೇನೋ ಅನ್ನುವ ಜಗಳಕ್ಕೆ ಬರೋಣ. ನಿಮ್ಮ ಹತ್ತಿರ ಇದಕ್ಕೊಂದು ಒಳ್ಳೆಯ ಬೀಗದ ಕೈ ಇದೆ, ಜಾತಕ. ಸಂವತ್ಸರಗಳು 60. ಒಂದು ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ರಾಕ್ಷಸ ಸಂವತ್ಸರ ಬಂದದ್ದು 1915ರ ಯುಗಾದಿಯಿಂದ 1916ರ ಯುಗಾದಿವರೆಗೆ. ಅದರ ಹಿಂದಿನದು 1855, ಮುಂದಿನದು 1975. ಎರಡೂ ನಿಮ್ಮ ತಾತನಿಗೆ ಹೊಂದುವುದಿಲ್ಲ. ಅಂದರೆ ತಾತ ಹುಟ್ಟಿದ್ದು 1915-16. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬೇರೆ ವರ್ಷ ಇದ್ದರೆ ಜಾತಕವನ್ನೇ ನಂಬಿ. ಸ್ಕೂಲಿಗೆ ಸೇರಿಸಿದ ದಿನ ಮೇಷ್ಟ್ರು ಮಗುವಿನ ಮುಖ ನೋಡಿ ಜೂನ್ 1 ಅಂತ ಬರೆದ ಹುಟ್ಟುಹಬ್ಬಗಳು ನಮ್ಮ ರಾಜ್ಯದಲ್ಲಿ ಎಷ್ಟಿವೆಯೋ!

ಇನ್ನು ಧಾತು ಸಂವತ್ಸರ. ಅದು 1876-77. ಮರುವರ್ಷ ಈಶ್ವರ. ಅದಕ್ಕೇ ಹಳಬರು ‘ಧಾತು ಈಶ್ವರದ ಬರ’ ಅಂತ ಎರಡನ್ನೂ ಸೇರಿಸಿ ಹೇಳುವುದು. ಧಾತುವಿನಲ್ಲಿ ಮಳೆ ಹೋಯಿತು, ಈಶ್ವರದಲ್ಲಿ ಜನ ಹೋದರು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಗೆ 50 ಲಕ್ಷಕ್ಕೂ ಹೆಚ್ಚು ಜನ ಇದ್ದರು. 1881ಕ್ಕೆ ಅದು 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಸತ್ತವರ ಜೊತೆಗೆ ಊರು ಬಿಟ್ಟು ಗಂಜಿ ಸಿಕ್ಕ ಕಡೆ ನಡೆದವರೂ ಅಸಂಖ್ಯ. ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣು ಕೆಲಸ ಕೂಡ ಆಗ ಬರದ ಕಾಮಗಾರಿಯಾಗಿ ನಡೆದದ್ದು.

ಲೆಕ್ಕ ಹಾಕಿ ನೋಡಿ. ತಾತ ಹುಟ್ಟಿದ್ದು 1915. ತಲೆಮಾರಿಗೆ 25-30 ವರ್ಷ ಅಂತ ಇಟ್ಟುಕೊಂಡರೆ ಅವರ ಅಪ್ಪ 1885-90ರ ಸುಮಾರು, ಅಪ್ಪನ ಅಪ್ಪ 1855-65ರ ಸುಮಾರು. ಧಾತು ಬರ ಬಂದಾಗ ಆ ಹುಡುಗನಿಗೆ 11ರಿಂದ 21 ವರ್ಷ. ಗಂಟು ಹೆಗಲಿಗೆ ಹಾಕಿ ಹೊರಡುವ ವಯಸ್ಸು.

ಕನ್ನಂಬಾಡಿ ಕಟ್ಟೆ ಶುರುವಾದದ್ದು 1911ರ ಕೊನೆಗೆ. ಕಟ್ಟಿ ಮುಗಿಯುವ ಹೊತ್ತಿಗೆ ಸುಮಾರು 20 ವರ್ಷ. ಎತ್ತರ ಎಷ್ಟಿರಬೇಕು ಅಂತ ಮದ್ರಾಸಿನವರ ಜೊತೆ ಜಗಳ ನಡೆದು, 1924ರಲ್ಲಿ ಒಪ್ಪಂದ ಆದ ಮೇಲೆಯೇ 124 ಅಡಿಗೆ ಒಪ್ಪಿಗೆ ಸಿಕ್ಕಿದ್ದು. ಹಾಗಾಗಿ ನೀರು ಒಂದೇ ದಿನ ಏರಲಿಲ್ಲ. ಊರುಗಳೂ ಒಂದೇ ವರ್ಷ ಎದ್ದು ಬರಲಿಲ್ಲ. ಹೊಳೆ ಪಕ್ಕದವರು ಮೊದಲು ಬಂದರು, ದಿಣ್ಣೆಯವರು ಆಮೇಲೆ. ನಿಮ್ಮ ತಾತ ಆಗ ಕೂಸು, ಇಲ್ಲ ಹತ್ತು ಹನ್ನೆರಡು ವರ್ಷದ ಹುಡುಗ.

ಚಿಕ್ಕತಾತನದ್ದೂ ಸರಿ, ಅತ್ತೆಯದ್ದೂ ಸರಿ ಅಂತ ಕಾಣುತ್ತದೆ. ಇವು ಒಂದೇ ಪ್ರಯಾಣದ ಎರಡು ಕಥೆ ಅಲ್ಲ. ಎರಡು ಪ್ರಯಾಣ, ನಡುವೆ 40-50 ವರ್ಷ. ಬರದಲ್ಲಿ ಒಬ್ಬ ಹಳೇ ಊರಿಗೆ ಬಂದ. ಕಟ್ಟೆಯ ಕಾಲಕ್ಕೆ ಅವನ ಮಕ್ಕಳು ಮೊಮ್ಮಕ್ಕಳು ಹೊಸ ಊರಿಗೆ ಬಂದರು.

ಆದರೆ ಇಲ್ಲೊಂದು ತೊಡಕಿದೆ. ನನಗೆ ಈ ಪ್ರಶ್ನೆ ಹಿಡಿಸಿದ್ದೇ ಆ ತೊಡಕಿನಿಂದ. ನೀರುಗಂಟಿ ಅಂದರೆ ಕೆರೆ ತೂಬು ಎತ್ತುವವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಸರದಿ ನೋಡುವವನು. ಶಾನುಭೋಗ, ಪಟೇಲ, ತಳವಾರ, ತೋಟಿ ಇದ್ದ ಹಾಗೆ ಇದೂ ವಂಶಪಾರಂಪರ್ಯದ ಕೆಲಸ. ಸಂಬಳದ ಬದಲು ಮಾನ್ಯದ ಜಮೀನು, ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಕಾಳು. ನೀರಿನ ವಿಷಯದಲ್ಲಿ ಊರಿನವರು ಅಣ್ಣ ತಮ್ಮಂದಿರನ್ನೇ ನಂಬುವುದಿಲ್ಲ. ಬರದಲ್ಲಿ ಎಲ್ಲಿಂದಲೋ ಬಂದ ಪರ ಊರಿನ ಹುಡುಗನ ಕೈಗೆ ತೂಬು ಕೊಟ್ಟಾರೆಯೇ?

ಕೊಡುವ ದಾರಿ ಒಂದೇ ಒಂದು. ಮಗಳನ್ನು ಕೊಟ್ಟರೆ.

ಈಗ ಅತ್ತೆಯ ಮಾತನ್ನು ಇನ್ನೊಂದು ಸಲ ಓದಿ. ‘ಈ ಮನೆ ಹೆಂಗಸರದ್ದು, ಗಂಡಸರು ಆಮೇಲೆ ಬಂದೋರು.’ ನೀವು ಇದನ್ನು ತಮಾಷೆ ಅಂದುಕೊಂಡಿರಿ. ನನಗೆ ನಿಮ್ಮ ಇಡೀ ಪತ್ರದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಕಾಣಲಿಲ್ಲ. ಗಂಡು ಸಂತಾನ ಇಲ್ಲದ ನೀರುಗಂಟಿ, ಬರದಲ್ಲಿ ಬಂದು ಮನೆಯಲ್ಲಿ ದುಡಿಯುತ್ತಿದ್ದ ಹುಡುಗನಿಗೆ ಮಗಳನ್ನು ಕೊಟ್ಟು ಮನೆ ಅಳಿಯನಾಗಿ ಇಟ್ಟುಕೊಂಡ. ಹೀಗಂತ ನನ್ನ ಊಹೆ. ಹಳೇ ಮೈಸೂರು ಸೀಮೆಯಲ್ಲಿ ಇದು ಏನೂ ಅಪರೂಪ ಅಲ್ಲ. ಎರಡು ಎಡೆಯೂ ಇದಕ್ಕೆ ಹೊಂದುತ್ತದೆ. ಮಗಳ ಕಡೆಯ ಹಿರಿಯರಿಗೆ ಎಡೆ ಇಡಲು ಬೇರೆ ಯಾರೂ ಉಳಿದಿಲ್ಲ, ಈ ಮನೆಯವರೇ ಇಡಬೇಕು. ಅಳಿಯನ ಕಡೆಯವರಿಗೆ ಇನ್ನೊಂದು. ರಾಗಿ ಸೀಮೆಯಲ್ಲಿ ಕೂತು ಜೋಳದ ರೊಟ್ಟಿ ಇಡುತ್ತಾರೆ ಅಂದರೆ ಆ ಹಿರಿಯರು ಮುದ್ದೆ ತಿನ್ನುವವರಲ್ಲ ಅಂತ ತಾನೇ ಅರ್ಥ?

ಹಾಗಂತ ಜೋಳ ಅಂದ ಕೂಡಲೇ ಧಾರವಾಡಕ್ಕೆ ಬಸ್ಸು ಹತ್ತಬೇಡಿ. ಚಿತ್ರದುರ್ಗದ ಕಡೆಯೂ ಜೋಳ ಇದೆ. ಚಾಮರಾಜನಗರದ ಎರೆ ಭೂಮಿಯಲ್ಲೂ ಜೋಳ ಇದೆ, ಅದು ನಿಮ್ಮಿಂದ ದೂರವೂ ಅಲ್ಲ. ಈ ವಿಷಯದಲ್ಲಿ ಮನೆದೇವರು ಇನ್ನೂ ಒಳ್ಳೆಯ ಗುರುತು, ಆದರೆ ಅದನ್ನು ನೀವು ಬರೆದಿಲ್ಲ. ತಿರುಪತಿ, ನಂಜನಗೂಡು, ಮಹದೇಶ್ವರ ಬೆಟ್ಟ ಅಂತಾದರೆ ಅದರಿಂದ ಊರು ತಿಳಿಯುವುದಿಲ್ಲ, ಎಲ್ಲ ಕಡೆಯ ಜನರೂ ಅಲ್ಲಿಗೆ ನಡೆದುಕೊಳ್ಳುತ್ತಾರೆ. ಯಾವುದೋ ಹಳ್ಳಿ ಹೆಸರಿನ ಮಾರಮ್ಮನೋ ಬೀರಪ್ಪನೋ ಆದರೆ ಆ ಹಳ್ಳಿಗೆ ಒಂದು ಸಲ ಹೋಗಿಬನ್ನಿ.

ಇನ್ನು ಕಾಗದಕ್ಕೆ. ನೀವು ಕಳಿಸಿದ 1938ರ ಕ್ರಯಪತ್ರದ ಫೋಟೋ ದೊಡ್ಡದು ಮಾಡಿ ನೋಡಿದೆ. ಕೊಂಡವರು ನಿಮ್ಮ ತಾತನ ಅಪ್ಪ. ಅವರ ಹೆಸರಿನ ಮುಂದೆ ‘ಬಿನ್’ ಅಂತ ಇದೆ. ಹಳೇ ದಸ್ತಾವೇಜಿನಲ್ಲಿ ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ. ಬಿನ್ ಆದ ಮೇಲೆ ಬರಬೇಕಾದ ಹೆಸರು ಮಡಿಕೆಯಲ್ಲಿ ಹರಿದು ಹೋಗಿದೆ. ನಿಮಗೆ ಬೇಕಾದ ಆಚೆಯ ಹೆಸರು ಅದೇ! ಅದು ಕಳೆದುಹೋಯಿತು ಅಂದುಕೊಳ್ಳಬೇಡಿ. ನೋಂದಣಿಯಾದ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಕ್ಷರಕ್ಕೆ ಅಕ್ಷರ ನಕಲು ಮಾಡಿ ಇಟ್ಟುಕೊಳ್ಳುತ್ತಿದ್ದರು. ಸ್ಥಿರಾಸ್ತಿಯ ಆ ಪುಸ್ತಕವನ್ನು ಬಿಸಾಡುವ ಹಾಗಿಲ್ಲ. ಪತ್ರದ ಹಿಂಬದಿ ಮೊಹರಿನ ಜೊತೆ ದಸ್ತಾವೇಜು ನಂಬರ್, ಸಂಪುಟ, ಪುಟ ಬರೆದಿರುತ್ತದೆ. ಅದನ್ನು ಬರೆದುಕೊಂಡು ಹೋಗಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಇಷ್ಟು ಹಳೆಯದಕ್ಕೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ನಂಬಿಕೊಂಡು ಕೂರಬೇಡಿ. ಕಚೇರಿಗೇ ಹೋಗಬೇಕು, ಬಹುಶಃ ಎರಡು ಮೂರು ಸಲ.

ಆ ಹೆಸರು ಸಿಕ್ಕರೆ ಅದು ಬರದಲ್ಲಿ ಬಂದ ಅಳಿಯನದ್ದು. ನೀರುಗಂಟಿಯದ್ದಲ್ಲ. ಇದನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ.

ಅದೇ ಪತ್ರದಲ್ಲಿ ಚಕ್ಕುಬಂದಿ ನೋಡಿ. ಜನ ಇದನ್ನು ಓದುವುದೇ ಇಲ್ಲ, ಹಣ ಎಷ್ಟು ಅಂತ ನೋಡಿ ಮಡಚಿಡುತ್ತಾರೆ. ನಿಮ್ಮದರಲ್ಲಿ ಹೀಗಿದೆ: ಪೂರ್ವಕ್ಕೆ ಸರ್ಕಾರಿ ಗೋಮಾಳ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಒಬ್ಬರ ಜಮೀನು, ದಕ್ಷಿಣಕ್ಕೆ ‘ಖರೀದಿದಾರರ ಖುದ್ದು ಜಮೀನು’. ಖುದ್ದು ಅಂದರೆ ಸ್ವಂತದ್ದು. ಅಂದರೆ 1938ಕ್ಕೆ ಮೊದಲೇ ಪಕ್ಕದಲ್ಲಿ ನಿಮ್ಮವರಿಗೆ ಜಮೀನಿತ್ತು. ಅದನ್ನು ಕೊಂಡಿದ್ದರೆ ಇನ್ನೊಂದು ಪತ್ರ ಇದೆ. ಕೊಂಡಿಲ್ಲ ಅಂದರೆ ಮುಳುಗಡೆಗೆ ಬದಲಾಗಿ ಸರ್ಕಾರ ಕೊಟ್ಟಿರಬೇಕು, ಆಗ ಮಂಜೂರಾತಿ ಕಡತ ಇರಬೇಕು. ಒಂದೇ ಒಂದು ಪದ ನೋಡಿ, ಹುಡುಕಬೇಕಾದ ಕಾಗದ ಎರಡಾಯಿತು.

ಉತ್ತರದ ಜಮೀನಿನವರ ಹೆಸರನ್ನೂ ಬರೆದುಕೊಳ್ಳಿ. ಮುಳುಗಿದ ಊರಿನವರು ಹೊಸ ಜಾಗದಲ್ಲೂ ಸಾಮಾನ್ಯವಾಗಿ ಒಟ್ಟಿಗೆ ಕೂರುತ್ತಿದ್ದರು, ಅಣ್ಣ ತಮ್ಮ, ಬೀಗರು, ಹಳೇ ಊರಿನ ನೆರೆಯವರು ಅಂತ. ಅವರ ಮೊಮ್ಮಕ್ಕಳು ಇನ್ನೂ ಊರಲ್ಲಿದ್ದರೆ ಅವರ ಮನೆಯ ಪತ್ರಗಳಲ್ಲಿ ನಿಮ್ಮವರು ಚಕ್ಕುಬಂದಿಯಾಗಿಯೋ ಸಾಕ್ಷಿಯಾಗಿಯೋ ಸಿಗುತ್ತಾರೆ. ಪತ್ರದ ಕೊನೆಯಲ್ಲಿ ಸಾಕ್ಷಿಗಳ ಸಾಲು ಇರುತ್ತದಲ್ಲ, ಹೆಬ್ಬೆಟ್ಟಿನ ಗುರುತು ಇರುವ ಜಾಗ, ಅಲ್ಲಿ ನಿಲ್ಲುವವರು ದಾರಿಹೋಕರಲ್ಲ. ಭಾವಮೈದುನ, ಷಡ್ಡಕ, ಸೋದರಮಾವ. ಹೆಣ್ಣು ಕೊಟ್ಟು ತಂದ ಸಂಬಂಧಗಳು ಇಲ್ಲಿ ಬಂದು ಹೆಬ್ಬೆಟ್ಟು ಒತ್ತಿರುತ್ತವೆ. ಆದರೆ ಪಕ್ಕದವರ ಮನೆಗೆ ಹೋಗಿ ‘ನಿಮ್ಮ ಜಮೀನಿನ ಪತ್ರ ತೋರಿಸಿ’ ಅಂತ ನೇರವಾಗಿ ಕೇಳಬೇಡಿ. ವ್ಯಾಜ್ಯಕ್ಕೆ ಬಂದಿದ್ದಾನೆ ಅಂದುಕೊಳ್ಳುತ್ತಾರೆ. ಮೊದಲು ನಿಮ್ಮದನ್ನು ತೋರಿಸಿ, ‘ನಿಮ್ಮ ತಾತನ ಹೆಸರು ನಮ್ಮ ಪತ್ರದಲ್ಲಿದೆ’ ಅನ್ನಿ. ಕಾಫಿ ಬರುತ್ತದೆ. ಕಾಫಿ ಹಿಂದೆ ಟ್ರಂಕೂ ಬರುತ್ತದೆ.

ಹಳೇ ಊರಿನ ದಾಖಲೆ ಹುಡುಕುವಾಗ ಹೆಸರುಗಳ ಬಗ್ಗೆ ಎಚ್ಚರ. ಮಂಡ್ಯ ಜಿಲ್ಲೆ ಆದದ್ದೇ 1939ರಲ್ಲಿ. ಅದಕ್ಕೆ ಮೊದಲು ಅದೆಲ್ಲ ಮೈಸೂರು ಜಿಲ್ಲೆ. ಪಾಂಡವಪುರ ಅಂತ ಹುಡುಕಿದರೆ ಹಳೇ ಕಾಗದದಲ್ಲಿ ಏನೂ ಸಿಗಲಾರದು, ಅದು ಆಗ ಫ್ರೆಂಚ್ ರಾಕ್ಸ್, ಜನರ ಬಾಯಲ್ಲಿ ಹಿರೋಡೆ. ಕೃಷ್ಣರಾಜಪೇಟೆ ಅದಕ್ಕೂ ಹಿಂದೆ ಅತ್ತಿಗುಪ್ಪೆ. ನಾನು ಒಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂರು ಸಲ ‘ಇಲ್ಲ ಸಾರ್’ ಅನ್ನಿಸಿಕೊಂಡು ವಾಪಸ್ ಬಂದಿದ್ದೆ. ನಾಲ್ಕನೇ ಸಲ ಊರಿನ ಹಳೇ ಹೋಬಳಿ ಹೆಸರು ಹೇಳಿದೆ. ಹತ್ತು ನಿಮಿಷದಲ್ಲಿ ಕಟ್ಟು ಮೇಜಿನ ಮೇಲಿತ್ತು.

ಮುಳುಗಡೆ ಜಮೀನಿಗೆ ಭೂಸ್ವಾಧೀನದ ಅಧಿಸೂಚನೆಗಳು ಮೈಸೂರು ಗೆಜೆಟ್‌ನಲ್ಲಿ ಬರುತ್ತಿದ್ದವು. ಊರು, ಸರ್ವೆ ನಂಬರ್, ವಿಸ್ತೀರ್ಣ, ಎಷ್ಟೋ ಕಡೆ ಖಾತೆದಾರರ ಹೆಸರು ಕೂಡ. ಗೆಜೆಟ್‌ನ ಹಳೇ ಸಂಪುಟಗಳು, ಆ ಕಾಲದ ಸಚಿವಾಲಯದ ಕಡತಗಳು ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿವೆ. ನೀವು ಬೆಂಗಳೂರಿನಲ್ಲೇ ಇದ್ದೀರಲ್ಲ, ಒಂದು ದಿನ ರಜ ಹಾಕಿ ಹೋಗಿ. ಮೊದಲು ಅತ್ತೆಯಿಂದ ಹಳೇ ಊರಿನ ಹೆಸರು ಮತ್ತು ಅಕ್ಕಪಕ್ಕದ ನಾಲ್ಕು ಊರುಗಳ ಹೆಸರು ಬರೆಸಿಕೊಳ್ಳಿ. ಮಾನ್ಯದ ಜಮೀನು ಆಗಿದ್ದರೆ ‘ನೀರುಗಂಟಿ ಇನಾಂ’ ಅಂತ ಬೇರೆಯಾಗಿ ತೋರಿಸಿರುವ ಸಾಧ್ಯತೆ ಇದೆ. ಅಲ್ಲಿ ಅಳಿಯನ ಹೆಸರಿಗಿಂತ ಮಾವನ ಹೆಸರು ಬರಬಹುದು. ಕೆಲವು ಕಡೆ ಮಗಳ ಹೆಸರೇ ಇರುತ್ತದೆ, ಕೋಂ ಅಂತ. ಹೆಂಗಸಿನ ಹೆಸರು ಅಂತ ದಾಟಿ ಮುಂದೆ ಹೋಗಬೇಡಿ. ನೀವು ಹುಡುಕುತ್ತಿರುವುದೇ ಅವಳನ್ನು.

ಇನ್ನೊಂದು ಪದ ಗೊತ್ತಿರಲಿ, ಬೇಚಿರಾಕ್. ದೀಪ ಇಲ್ಲದ್ದು ಅಂತ ಅದರ ಮೂಲ ಅರ್ಥ. ಜನ ಇಲ್ಲದ ಊರನ್ನು ಕಂದಾಯ ಇಲಾಖೆ ಇವತ್ತಿಗೂ ಬೇಚಿರಾಕ್ ಗ್ರಾಮ ಅಂತಲೇ ಬರೆಯುತ್ತದೆ. ಊರಲ್ಲಿ ಒಲೆ ಉರಿಯದೆ ನೂರು ವರ್ಷ ಆಗಿದ್ದರೂ ಸರ್ವೆ ನಕ್ಷೆಯಲ್ಲಿ ಊರು ಇರುತ್ತದೆ. ಬರದಲ್ಲಿ, ಪ್ಲೇಗಿನಲ್ಲಿ ಖಾಲಿಯಾದ ಎಷ್ಟೋ ಹಳ್ಳಿಗಳು ಹೀಗೆ ಕಾಗದದಲ್ಲಿ ಮಾತ್ರ ಉಳಿದಿವೆ. ‘ನಮ್ಮ ಮೂಲದ ಊರು ಈಗ ಇಲ್ಲವೇ ಇಲ್ಲ’ ಅನ್ನುವ ಮನೆಯವರು ಈ ಪಟ್ಟಿ ನೋಡಬೇಕು.

ನಿಮ್ಮ ಕೆರೆ ಮುಳುಗಿದ್ದರಿಂದ ಮುಂದಿನ ಮಾತು ನಿಮಗೆ ಒದಗಲಾರದು. ಆದರೆ ಇದನ್ನು ಓದುವ ತೋಟಿ, ತಳವಾರ, ನೀರುಗಂಟಿ ಮನೆಗಳ ಬೇರೆಯವರಿಗಾಗಿ ಹೇಳುತ್ತೇನೆ. 1961ರ ಕಾಯ್ದೆಯಲ್ಲಿ ಈ ಗ್ರಾಮ ಹುದ್ದೆಗಳು ರದ್ದಾದವು. ಮಾನ್ಯದ ಜಮೀನನ್ನು ಅನುಭವಿಸುತ್ತಿದ್ದ ಮನೆಗೇ ಮರುಮಂಜೂರು ಮಾಡಬೇಕಿತ್ತು. ಮರುಮಂಜೂರಿಗೆ ಅರ್ಜಿ ಹಾಕಿದವರು ತಾವೇ ಆ ವಂಶದವರು ಅಂತ ತೋರಿಸಬೇಕಿತ್ತು. ಹಾಗಾಗಿ ಆ ಕಡತಗಳಲ್ಲಿ ವಂಶಾವಳಿ, ಹೇಳಿಕೆ, ಪಂಚರ ಸಹಿ ಎಲ್ಲ ಸೇರಿಕೊಂಡಿರುತ್ತದೆ. ಬೇರೆ ಯಾವ ಕಾಗದದಲ್ಲೂ ಹೆಸರು ಬಾರದ ದಲಿತ ಕುಟುಂಬಗಳಿಗೆ ಇದು ಬಹಳ ದೊಡ್ಡ ಆಸರೆ. ಜಮೀನು ಇಲ್ಲದವರಿಗೆ ಚರಿತ್ರೆ ಇಲ್ಲ ಅಂದುಕೊಂಡು ಕೈಚೆಲ್ಲಿದವರನ್ನು ನೋಡಿದ್ದೇನೆ. ತಾಲ್ಲೂಕು ಕಚೇರಿಗಳ ಹಳೇ ದಾಖಲೆಗಳನ್ನು ಈಚೆಗೆ ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಗೆದ್ದಲಿಗಿಂತ ಮೊದಲು ಸ್ಕ್ಯಾನರ್ ಮುಟ್ಟಲಿ.

ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷದ ಬಗ್ಗೆ ಒಂದೇ ಮಾತು. ಅದು ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ, ಬ್ಯಾಂಕಿಗೆ ಬೇಕಾಗುವ ಕಾಗದ, ಚರಿತ್ರೆಯಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಸಣ್ಣದರಲ್ಲೇ ತೀರಿಕೊಂಡ ಮಕ್ಕಳು, ಮೊದಲ ಹೆಂಡತಿ, ಇವರೆಲ್ಲ ಅದರಲ್ಲಿ ಬಿಟ್ಟುಹೋಗಿರುತ್ತಾರೆ. ಕೆಲವು ಸಲ ಬೇಕಂತಲೇ.

ಹೆಳವರ ವಿಷಯ. ನಿಮ್ಮ ಹೆಂಡತಿಯ ಮನೆಗೆ ಅವರು ಇನ್ನೂ ಬರುತ್ತಿದ್ದಾರೆ ಅಂದರೆ ನಿಜವಾಗಿಯೂ ಭಾಗ್ಯವೇ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಮನೆ ಮುಂದೆ ನಿಂತು ಮೂಲ ಪುರುಷನಿಂದ ಹಿಡಿದು ಹೆಸರು ಹೇಳುತ್ತಾ ಬರುತ್ತಿದ್ದರು. ಕಾಳು, ಬಟ್ಟೆ, ಉಳ್ಳವರ ಮನೆಯಲ್ಲಿ ದನ ಕೂಡ ಕೊಡುತ್ತಿದ್ದರು. ಹಿಂದಿನ ಬಾರಿ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು ಹೋಗುತ್ತಿದ್ದರು. ಓಲೆಗರಿ, ತಾಮ್ರದ ತಗಡು, ಈಗ ಲೆಕ್ಕದ ಪುಸ್ತಕ. ಮುಂದಿನ ಸಲ ಅವರು ಬಂದಾಗ ಇಡೀ ಓದನ್ನು ರೆಕಾರ್ಡ್ ಮಾಡಿ, ಅವರ ಒಪ್ಪಿಗೆ ಕೇಳಿಯೇ. ಅದು ಅವರ ಜೀವನದ ದಾರಿ. ಪುಸ್ತಕದ ಫೋಟೋ ಹೊಡೆದುಕೊಂಡು ‘ಇನ್ನು ನೀವು ಬರುವುದು ಬೇಡ’ ಅನ್ನುವವರೂ ಇದ್ದಾರೆ. ಓದಿದ್ದನ್ನೆಲ್ಲ ಹಾಗೇ ನಂಬಲೂ ಬೇಡಿ. ಈಚಿನ ಐದಾರು ತಲೆಮಾರು ಸಾಮಾನ್ಯವಾಗಿ ಗಟ್ಟಿ. ಅದರ ಹಿಂದೆ ಹೋದಂತೆ ಹೊಗಳಿಕೆ ಜಾಸ್ತಿ, ಕೊಟ್ಟ ಎತ್ತಿಗೆ ತಕ್ಕ ಹಾಗೆ ಹಿರಿಯರೂ ದೊಡ್ಡವರಾಗುತ್ತಾರೆ.

ಡಿಎನ್‌ಎ ಪರೀಕ್ಷೆ ಬೇಡ. ಅದು ನಿಮಗೆ ದಕ್ಷಿಣ ಭಾರತದವರು ಅಂತ ಹೇಳುತ್ತದೆ. ಅದು ನಿಮಗೆ ಗೊತ್ತು. ದೂರದ ನೆಂಟರು ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿದ್ದರೆ ಮಾತ್ರ ಹೆಸರು ಹೊಂದುತ್ತದೆ. ಬರದಲ್ಲಿ ಬಂದ ಹುಡುಗನ ಅಣ್ಣನ ಮರಿಮಕ್ಕಳು ಯಾವುದೋ ಹಳ್ಳಿಯಲ್ಲಿ ಜೋಳ ಬಿತ್ತುತ್ತಿರುತ್ತಾರೆ, ಕೊಳವೆಯಲ್ಲಿ ಉಗುಳಿ ಅಮೆರಿಕಕ್ಕೆ ಕಳಿಸಿರುವುದಿಲ್ಲ. ಆ ದುಡ್ಡಲ್ಲಿ ನಾಲ್ಕು ಸಲ ಊರಿಗೆ ಹೋಗಿಬನ್ನಿ. ಜನಗಣತಿಯಲ್ಲೂ ಹೆಸರು ಹುಡುಕಬೇಡಿ, ಆ ಕಾಲದ ಮನೆಮನೆಯ ಚೀಟಿಗಳನ್ನು ಉಳಿಸಿಲ್ಲ, ಒಟ್ಟು ಲೆಕ್ಕ ಮಾತ್ರ ಇದೆ.

ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ. ಅತ್ತೆಗೆ 84. ಹಾಗಾಗಿ ಈ ಭಾನುವಾರ ಸಬ್ ರಿಜಿಸ್ಟ್ರಾರ್ ಬಗ್ಗೆ ಯೋಚಿಸದೆ ನೇರ ಅವರ ಹತ್ತಿರ ಹೋಗಿ. ಅವರು ಹುಟ್ಟಿದ್ದು 1940ರ ಆಸುಪಾಸು, ಹಳೇ ಊರನ್ನು ಅವರು ಕಣ್ಣಾರೆ ನೋಡಿಲ್ಲ. ಅವರಿಗೆ ಕಥೆ ಹೇಳಿದ್ದು ಅವರ ಅಜ್ಜಿ ಇರಬೇಕು, ಅಂದರೆ ನಿಮ್ಮ ತಾತನ ಅಮ್ಮ. ಆ ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದವರು. ಅವರಿಗೆ ಅತ್ತೆಯಾಗಿದ್ದವರೇ ನೀರುಗಂಟಿಯ ಮಗಳು, ನನ್ನ ಊಹೆ ಸರಿಯಾಗಿದ್ದರೆ. ಅತ್ತೆಯಿಂದ ಸೊಸೆಗೆ, ಅಜ್ಜಿಯಿಂದ ಮೊಮ್ಮಗಳಿಗೆ, ಎರಡೇ ಕೈ ದಾಟಿ ಬಂದ ಮಾತು. ಗಂಡಸರು ಹೇಳುವ ‘ನಾವು ಪಾಳೇಗಾರರ ವಂಶ’ ಅನ್ನುವ ಕಥೆಗಳಿಗಿಂತ ನಾನು ಇಂಥದ್ದನ್ನು ಜಾಸ್ತಿ ನಂಬುತ್ತೇನೆ.

ಕೂರಿಸಿಕೊಂಡು ಇಸವಿ ಕೇಳಬೇಡಿ. ‘ಅಜ್ಜಿ ಮದುವೆಯಾಗಿ ಬಂದಾಗ ಹಳೇ ಊರಲ್ಲಿ ಮನೆ ಯಾವ ಕಡೆ ಮುಖ ಮಾಡಿತ್ತು? ನೀರು ಎಲ್ಲಿಂದ ತರುತ್ತಿದ್ದರಂತೆ? ಅಜ್ಜಿಯ ಅತ್ತೆ ಬಾಣಂತನಕ್ಕೆ ಎಲ್ಲಿಗೆ ಹೋಗುತ್ತಿದ್ದರಂತೆ?’ ಅಂತ ಕೇಳಿ. ಮನೆ ಅಳಿಯನ ಹೆಂಡತಿಗೆ ಬಾಣಂತನಕ್ಕೆ ಹೋಗಲು ತವರೇ ಬೇರೆ ಇರುವುದಿಲ್ಲ, ಅವಳು ಇದ್ದ ಮನೆಯಲ್ಲೇ ಹೆರುತ್ತಾಳೆ. ಈ ಒಂದು ಉತ್ತರದಿಂದ ನನ್ನ ಊಹೆ ನಿಲ್ಲುತ್ತದೋ ಬೀಳುತ್ತದೋ ಗೊತ್ತಾಗುತ್ತದೆ. ಮಕ್ಕಳ ಹೆಸರುಗಳನ್ನೂ ಕೇಳಿ. ಅಜ್ಜ ಅಜ್ಜಿಯ ಹೆಸರನ್ನು ಮೊಮ್ಮಕ್ಕಳಿಗೆ ಇಡುವ ರೂಢಿ ನಿಮ್ಮಲ್ಲೂ ಇದ್ದೇ ಇರುತ್ತದೆ. ಮನೆಯ ಕಡೆಯ ಹೆಸರುಗಳ ನಡುವೆ ಯಾವುದೋ ಒಂದು ಹೆಸರು ಆ ಸೀಮೆಯದ್ದಲ್ಲ ಅನ್ನಿಸಿದರೆ ಅದರ ಕೆಳಗೆ ಗೆರೆ ಹಾಕಿ.

ಆಮೇಲೆ ಮಹಾಲಯ ಅಮಾವಾಸ್ಯೆಗೆ ಮತ್ತೆ ಹೋಗಿ. ಈ ಸಲ ಟಿವಿ ಮುಂದೆ ಕೂರಬೇಡಿ, ಅಡುಗೆಮನೆಯಲ್ಲಿ ನಿಲ್ಲಿ. ರೊಟ್ಟಿ ತಟ್ಟಲು ಯಾರು ಕಲಿಸಿದರು ಅಂತ ಕೇಳಿ. ಎರಡನೇ ಎಡೆಗೆ ಕೈಮುಗಿಯುವಾಗ ಅತ್ತೆ ಏನೋ ಗೊಣಗುತ್ತಾರೆ ಅಂತ ನೀವೇ ಬರೆದಿದ್ದೀರಿ. ಅದು ಮಂತ್ರ ಇರಲಾರದು, ಹೆಸರು ಇರಬೇಕು. ಹತ್ತಿರ ನಿಂತು ಕೇಳಿಸಿಕೊಳ್ಳಿ.